ಹ್ಯಾಮ್ ರೇಡಿಯೊ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಎಫ್‌ಟಿ8ನಲ್ಲಿ (ಕಂಪ್ಯೂಟರ್ ಮೂಲಕ ಪುಟ್ಟ ಸಂದೇಶ ಕಳಿಸುವ ರೇಡಿಯೊ ವಿಧಾನ) ದಿನವೂ ಸಂಪರ್ಕ ಆಗುತ್ತಿದೆ, ಡಿಕೋಡ್ (ಬಂದ ಸಂಕೇತವನ್ನು ಅಕ್ಷರಕ್ಕೆ ತಿರುಗಿಸುವುದು) ಚೆನ್ನಾಗಿದೆ. ಆದರೆ ಎರಡೂ ಕಡೆಯವರ ದಾಖಲೆ ಹೋಲಿಸಿ ಸಂಪರ್ಕ ದೃಢೀಕರಿಸುವ ‘ಲಾಗ್‌ಬುಕ್ ಆಫ್ ದಿ ವರ್ಲ್ಡ್’ ತಾಣಕ್ಕೆ ಲಾಗ್ (ಸಂಪರ್ಕಗಳ ದಾಖಲೆ) ಅಪ್‌ಲೋಡ್ ಮಾಡಿ ಎರಡು ತಿಂಗಳಾದರೂ ಒಂದೇ ಒಂದು ದೃಢೀಕರಣ ಬಂದಿಲ್ಲ. – ಧಾರವಾಡ

ಉತ್ತರ: ಲ್ಯಾಪ್‌ಟಾಪಿನ ಗಡಿಯಾರ ನೋಡಿ. ಲಾಗ್ ಯುಟಿಸಿಯಲ್ಲಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಇರಬೇಕು ಅಂತ ಹಲವರು ಗಡಿಯಾರವನ್ನೇ ಐದೂವರೆ ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಟೈಮ್ ಝೋನ್ ಮಾತ್ರ ಭಾರತದ್ದೇ ಇರುತ್ತದೆ. ಆಗ ಎಫ್‌ಟಿ8 ನಡೆಸುವ ತಂತ್ರಾಂಶ ಡಬ್ಲ್ಯುಎಸ್‌ಜೆಟಿ-ಎಕ್ಸ್ ಅದರಲ್ಲಿ ಇನ್ನೊಮ್ಮೆ ಐದೂವರೆ ಗಂಟೆ ಕಳೆಯುತ್ತದೆ. ಜನವರಿ 15ರ ನಸುಕಿನ 4.10ಕ್ಕೆ ಮಾಡಿದ ಸಂಪರ್ಕ 14ನೇ ತಾರೀಖು 22:40 ಎಂದು ದಾಖಲಾಗಬೇಕು. ನಿಮ್ಮ ಲಾಗ್‌ನಲ್ಲಿ 17:10 ಎಂದಿರುತ್ತದೆ. ಎರಡೂ ಕಡೆಯ ಸಮಯ 30 ನಿಮಿಷದೊಳಗೆ ಹೊಂದದಿದ್ದರೆ ದೃಢೀಕರಣ ಇಲ್ಲ.

ಡಿಕೋಡ್ ಯಾಕೆ ಕೆಡಲಿಲ್ಲ ಅಂದರೆ, ಎಫ್‌ಟಿ8 ನಡೆಯುವುದು 15 ಸೆಕೆಂಡಿನ ಸರದಿಯಲ್ಲಿ. ಐದೂವರೆ ಗಂಟೆ ಎಂದರೆ 19,800 ಸೆಕೆಂಡು, ಸರಿಯಾಗಿ 1,320 ಸರದಿ. ಸರದಿಗೆ ಸರದಿ ಕೂತುಬಿಡುತ್ತದೆ, ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಗಡಿಯಾರ ಎರಡು ಮೂರು ಸೆಕೆಂಡು ತಪ್ಪಿದ್ದರೆ ಅಂದೇ ಗೊತ್ತಾಗುತ್ತಿತ್ತು: ಪರದೆಯ ಡಿಟಿ (ಸಮಯದ ವ್ಯತ್ಯಾಸ) ಕಾಲಂನಲ್ಲಿ ಎಲ್ಲರ ಅಂಕಿಯೂ ಒಂದೇ ಕಡೆ ವಾಲಿರುತ್ತದೆ, ಆಮೇಲೆ ಡಿಕೋಡ್ ನಿಂತೇ ಹೋಗುತ್ತದೆ.

ಝೋನ್ ಭಾರತದ್ದೇ ಇರಲಿ, ಗಡಿಯಾರ ನಮ್ಮ ಸಮಯವನ್ನೇ ತೋರಿಸಲಿ, ಇಂಟರ್‌ನೆಟ್‌ನಿಂದ ಹೊಂದಿಕೊಳ್ಳಲಿ. ಲಾಗ್ ಇರುವ ಹಳೆಯ ಎಡಿಐಎಫ್ ಕಡತದ ಒಂದು ಪ್ರತಿ ತೆಗೆದಿಟ್ಟು, ತಪ್ಪಿದ ದಿನಗಳ ನಮೂದುಗಳಿಗಷ್ಟೇ 5:30 ಕೂಡಿಸಿ. ಮಧ್ಯರಾತ್ರಿ ದಾಟಿದಲ್ಲಿ ತಾರೀಖೂ ಬದಲಾಗಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ನಂತರ ಲಾಗ್‌ಗೆ ಡಿಜಿಟಲ್ ಸಹಿ ಹಾಕುವ ತಂತ್ರಾಂಶ ಟಿಕ್ಯುಎಸ್‌ಎಲ್‌ನಲ್ಲಿ ಸಹಿ ಮಾಡಿ ಮತ್ತೆ ಕಳಿಸಿ. ಹಳೆಯ ತಪ್ಪು ನಮೂದುಗಳನ್ನು ಅಲ್ಲಿಂದ ಅಳಿಸಲು ಬರುವುದಿಲ್ಲ. ಇದ್ದರೂ ತೊಂದರೆಯಿಲ್ಲ.

ಪ್ರಶ್ನೆ: ಜಯನಗರದಿಂದ ಯಲಹಂಕಕ್ಕೆ ಮನೆ ಬದಲಿಸಿದೆ. ಊರು ಬೆಂಗಳೂರೇ ಅಲ್ಲವೇ, ಗ್ರಿಡ್ (ಸ್ಟೇಷನ್ ಇರುವ ಭೂಪಟದ ಚೌಕದ ಸಂಕೇತ) ಬದಲಿಸಬೇಕೆ? – ಬೆಂಗಳೂರು

ಉತ್ತರ: ಬದಲಿಸಲೇಬೇಕು. ಎರಡು ಚೌಕಗಳ ಗಡಿಯಾದ 13 ಡಿಗ್ರಿ ಉತ್ತರ ಅಕ್ಷಾಂಶ ಬೆಂಗಳೂರಿನ ನಡುವೆಯೇ ಹಾಯುತ್ತದೆ. ಜಯನಗರ ಎಂಕೆ82, ಯಲಹಂಕ ಎಂಕೆ83. ಟಿಕ್ಯುಎಸ್‌ಎಲ್‌ನಲ್ಲಿ ಹಳೆಯ ಸ್ಟೇಷನ್ ಲೊಕೇಶನ್ ತಿದ್ದಬೇಡಿ, ಹೊಸದೊಂದು ಮಾಡಿ. ಜಯನಗರದ ಸಂಪರ್ಕಗಳು ಬಾಕಿಯಿದ್ದರೆ ಅವಕ್ಕೆ ಹಳೆಯದರಲ್ಲೇ ಸಹಿ ಬೀಳಬೇಕು. ಇದಕ್ಕಿಂತ ಮುಖ್ಯ, ಪರವಾನಗಿಯಲ್ಲಿರುವ ವಿಳಾಸ ಬದಲಿಸಲು ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗಕ್ಕೆ ಅರ್ಜಿ ಹಾಕಿ.

ಪ್ರಶ್ನೆ: 7.110 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತಿರುವಾಗ ಪ್ರವಾಹದ ತುರ್ತು ನೆಟ್ (ಒಂದೇ ಆವರ್ತನದಲ್ಲಿ ಹಲವರು ಸೇರಿ ನಡೆಸುವ ಸಂಪರ್ಕ) ಶುರುವಾದರೆ? – ಮಡಿಕೇರಿ

ಉತ್ತರ: ತಕ್ಷಣ ಆ ಆವರ್ತನ ಬಿಡಿ. ನಮ್ಮ ವಲಯದಲ್ಲಿ ತುರ್ತು ಸಂಪರ್ಕಕ್ಕೆ ಗುರುತಿಸಿದ ಆವರ್ತನಗಳಲ್ಲಿ ಅದೂ ಒಂದು. 20 ಮೀಟರ್ ಬ್ಯಾಂಡಿನಲ್ಲಿ 14.300 ಮೆಗಾಹರ್ಟ್ಸ್ ಇದೆ. ಬಿಟ್ಟ ಮೇಲೆ ಕೇಳುತ್ತಿರಿ, ನೆಟ್ ಕಂಟ್ರೋಲ್ (ನೆಟ್ ನಡೆಸುವವರು) ಕರೆದರೆ ಮಾತ್ರ ಮಾತಾಡಿ. ಸಂದೇಶ ಮುಟ್ಟಿಸುವ ಪಾಳಿ ನಿಮಗೆ ಬಂದರೆ ಕೊಟ್ಟ ಮಾತನ್ನು ಕೊಟ್ಟ ಹಾಗೇ ಬರೆದುಕೊಳ್ಳಿ, ಸಂಖ್ಯೆಗಳನ್ನು ಒಂದೊಂದಾಗಿ ಓದಿ ಹೇಳಿ ಖಚಿತಪಡಿಸಿಕೊಳ್ಳಿ. ‘ಹದಿನೈದು ಜನ’ ಎಂದದ್ದು ಕರಕರ ಸದ್ದಿನಲ್ಲಿ ‘ಐದು ಜನ’ ಆಗಿಬಿಟ್ಟರೆ ದೋಣಿ ಒಂದೇ ಹೋಗುತ್ತದೆ. ಸಂದೇಶದ ಸಂಖ್ಯೆ, ಯುಟಿಸಿ ಸಮಯ, ಕೊಟ್ಟವರ ಮತ್ತು ಪಡೆದವರ ಕಾಲ್‌ಸೈನ್ (ಪರವಾನಗಿಯ ಗುರುತಿನ ಸಂಕೇತ) ಕಾಗದದ ಮೇಲೆ ಬರೆಯಿರಿ. 100 ವಾಟ್ ರಿಗ್ (ರೇಡಿಯೊ) ಒಂದೇ ಮಾತಾಡುವಾಗ ಬ್ಯಾಟರಿಯಿಂದ ಸುಮಾರು 20 ಆಂಪಿಯರ್ ಎಳೆಯುತ್ತದೆ, ಕರೆಂಟ್ ಇಲ್ಲದ ಹೊತ್ತಿನಲ್ಲಿ ಲ್ಯಾಪ್‌ಟಾಪ್ ಆರಿಸಿಡಿ. ಕಂಪ್ಯೂಟರಿಗೆ ಆಮೇಲೆ ಏರಿಸಬಹುದು.