ಮಳೆ ಲೆಕ್ಕವೂ ಲೆಕ್ಕವೇ, ತಾಯಿ

ಇಂಗ್ಲೆಂಡಿನ ರೀಡಿಂಗ್‌ನಿಂದ ಓದುಗರೊಬ್ಬರು ಬರೆದಿದ್ದಾರೆ. ಅವರ ಮಗ ಅಲ್ಲಿ ಎ ಲೆವೆಲ್ (ನಮ್ಮ ಪಿಯುಸಿ ಇದ್ದ ಹಾಗೆ) ಗಣಿತ ಓದುತ್ತಿದ್ದಾನೆ. ಸಂಖ್ಯಾಶಾಸ್ತ್ರದ ಪತ್ರಿಕೆ ಬರೆಯಲು ಎಂಟು ಊರುಗಳ ಹವಾಮಾನದ ಅಂಕಿಅಂಶಗಳ ಪರಿಚಯ ಇರಬೇಕಂತೆ. ಪತ್ರದ ಮುಖ್ಯ ಭಾಗ ಇದು:

"ಮಳೆಯ ಕಾಲಂನಲ್ಲಿ ಅಂಕಿಯ ಬದಲು 'ಟಿಆರ್' ಎಂದಿದ್ದರೆ ಏನು ಮಾಡಬೇಕು, ಪರ್ತ್‌ನಲ್ಲಿ ಜುಲೈ ಯಾಕೆ ತಣ್ಣಗಿರುತ್ತದೆ, ಇದನ್ನೆಲ್ಲ ಗಣಿತದಲ್ಲಿ ಕಲಿಯಬೇಕಂತೆ. ಇದು ಭೂಗೋಳವಲ್ಲವೇ? ನಾವು ದಾವಣಗೆರೆಯಲ್ಲಿ ಓದುವಾಗ ಲೆಕ್ಕ ಎಂದರೆ ಲೆಕ್ಕ. ಕೊಟ್ಟದ್ದನ್ನು ಸೂತ್ರಕ್ಕೆ ಹಾಕಿದರೆ ಉತ್ತರ ಬರುತ್ತಿತ್ತು. ನನಗೆ ಆ ಪಾಠದಲ್ಲಿ ಪೂರ್ತಿ ಅಂಕ. ಮಗ ಎಂಟು ಊರಿನ ಪುರಾಣ ಬಾಯಿಪಾಠ ಮಾಡುವುದನ್ನು ನೋಡಿದರೆ ಬೇಜಾರಾಗುತ್ತದೆ."

ಪೂರ್ತಿ ಅಂಕಕ್ಕೆ ಮೊದಲು ಅಭಿನಂದನೆ. ಇನ್ನು ಜಗಳಕ್ಕೆ ಬರೋಣ.

ಬಾಯಿಪಾಠದ ವಿಚಾರದಲ್ಲಿ ನೀವು ಹೇಳುವುದು ಸರಿ. ಅಂಕಿಗಳನ್ನು ತೆರೆದೇ ನೋಡದೆ, ಟ್ಯೂಷನ್ನಿನ ಎರಡು ಹಾಳೆ ನೋಟ್ಸ್ ಉರು ಹೊಡೆದು ಅಂಕ ಗಿಟ್ಟಿಸುವುದಾದರೆ ಇಡೀ ಏರ್ಪಾಡೇ ದಂಡ. ಆ ಅಂಕಿಗಳು 1987 ಮತ್ತು 2015ರವು ಮಾತ್ರ; ಎರಡೇ ವರ್ಷ ಮುಂದಿಟ್ಟರೆ ಹುಡುಗರು "ಭೂಮಿ ಬಿಸಿಯಾಗಿದೆ ನೋಡಿ" ಎಂದು ಬರೆದುಬಿಡುವ ಅಪಾಯವೂ ಇದೆ. ಹವಾಗುಣದ ಮಾತಾಡುವವರು 30 ವರ್ಷದ ಸರಾಸರಿ ಇಟ್ಟುಕೊಂಡು ಮಾತಾಡುತ್ತಾರೆ. ಇಷ್ಟು ನಿಮ್ಮ ಪಾಲಿಗೆ.

ಉಳಿದದ್ದೆಲ್ಲ ನಿಮ್ಮ ಮಗನ ಪರೀಕ್ಷೆಯ ಪರ. ಎಡೆಕ್ಸೆಲ್ ಎಂಬ ಪರೀಕ್ಷಾ ಮಂಡಳಿಯ, 2017ರಲ್ಲಿ ಪಾಠ ಶುರುವಾದ ಪಠ್ಯಕ್ರಮದ ಕಡತ ಅದು. ಬ್ರಿಟನ್ನಿನ ಹವಾಮಾನ ಇಲಾಖೆಯಿಂದ ತಂದ ಅಸಲಿ ಅಂಕಿಗಳು. ಕ್ಯಾಂಬೋರ್ನ್, ಹೀಥ್ರೂ, ಹರ್ನ್, ಲೀಮಿಂಗ್, ಲೂಕರ್ಸ್ ಅಲ್ಲಿನವು; ಬೀಜಿಂಗ್, ಫ್ಲಾರಿಡಾದ ಜಾಕ್ಸನ್‌ವಿಲ್, ಪರ್ತ್ ಹೊರಗಿನವು. (ಪರ್ತ್ ಎಂದರೆ ಆಸ್ಟ್ರೇಲಿಯಾದ್ದು, ಸ್ಕಾಟ್ಲೆಂಡಿನದಲ್ಲ; ಅಲ್ಲಿ ಜುಲೈ ಎಂದರೆ ಚಳಿಗಾಲ. ಇದನ್ನೂ ಮಗನಿಗೆ ಹೇಳಿಬಿಡಿ.) ಎರಡೂ ವರ್ಷ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ, 184 ದಿನ.

ನಿಮ್ಮನ್ನು ಕೆರಳಿಸಿದ ಆ 'ಟಿಆರ್' ನೋಡಿ. ಮಳೆ ಬಿದ್ದದ್ದು ನಿಜ, ಆದರೆ 0.05 ಮಿಲಿಮೀಟರಿಗೂ ಕಡಿಮೆ ಎಂಬುದರ ಗುರುತು. ಐದು ದಿನದ ಮಳೆ 6, 0, ಟಿಆರ್, ಟಿಆರ್, 4 ಎಂದಿರಲಿ. ಸರಾಸರಿಯನ್ನು ಕಂಪ್ಯೂಟರಿಗೆ ಬಿಟ್ಟರೆ ಅಕ್ಷರವಿರುವ ಮನೆಗಳನ್ನು ಹಾರಿಸಿ, 10ನ್ನು ಮೂರರಿಂದ ಭಾಗಿಸಿ 3.3 ಎನ್ನುತ್ತದೆ. ತಲೆ ಇರುವ ಹುಡುಗ ಆ ಎರಡನ್ನೂ ಸೊನ್ನೆ ಎಂದು ಹಿಡಿದು 2 ಎನ್ನುತ್ತಾನೆ. ಹನಿ ಬಿದ್ದ ದಿನಗಳನ್ನು ಬಿಟ್ಟದ್ದರಿಂದಲೇ ಮಳೆ ಜಾಸ್ತಿಯಾಯಿತು! ಇದನ್ನು ಹಿಡಿಯುವುದು ಗಣಿತವಲ್ಲದಿದ್ದರೆ ಇನ್ಯಾವುದು ಗಣಿತ? ಅದೇ ಕಡತದಲ್ಲಿ ಮಾಹಿತಿ ಲಭ್ಯವಿಲ್ಲ ಎಂಬ ಮನೆಗಳೂ ಇವೆ. ಅವನ್ನು ಸೊನ್ನೆ ಎಂದು ಹಿಡಿಯುವಂತಿಲ್ಲ. ಅಲ್ಲಿ ಅಳತೆಯೇ ಇಲ್ಲ.

ಗಾಳಿಯ ದಿಕ್ಕು ಇನ್ನೂ ಸೊಗಸು. ಉತ್ತರವನ್ನು ಸೊನ್ನೆ ಎಂದಿಟ್ಟು ಸುತ್ತ ಎಣಿಸಿದರೆ ಒಂದು ದಿನ 350 ಡಿಗ್ರಿ, ಮರುದಿನ 10 ಡಿಗ್ರಿ. ಎರಡೂ ದಿನ ಗಾಳಿ ಹೆಚ್ಚುಕಡಿಮೆ ಉತ್ತರದಿಂದಲೇ ಬೀಸಿದೆ. ನಿಮ್ಮ ಸೂತ್ರಕ್ಕೆ ಹಾಕಿ: ಮೊತ್ತ 360, ಸರಾಸರಿ 180. ಗಾಳಿ ನೇರ ದಕ್ಷಿಣದಿಂದ ಬಂತು! ಸೂತ್ರದಲ್ಲಿ ತಪ್ಪಿಲ್ಲ, ಕೂಡಿದ್ದರಲ್ಲಿ ತಪ್ಪಿಲ್ಲ. ದಾವಣಗೆರೆಯಲ್ಲಿ ಇದಕ್ಕೂ ಪೂರ್ತಿ ಅಂಕ ಬರುತ್ತಿತ್ತೇನೋ.

ಇನ್ನು 1987. ಆ ಅಕ್ಟೋಬರ್ 15ರ ರಾತ್ರಿ ದಕ್ಷಿಣ ಇಂಗ್ಲೆಂಡಿಗೆ ಬಡಿದ ಬಿರುಗಾಳಿಯ ವಿಷಯ ಅಲ್ಲಿ ಯಾರನ್ನಾದರೂ ಕೇಳಿ. ಅದೇ ದಿನ ಮಧ್ಯಾಹ್ನ ಬಿಬಿಸಿಯಲ್ಲಿ ಹವಾಮಾನ ಹೇಳುವ ಮೈಕೆಲ್ ಫಿಶ್ ಚಂಡಮಾರುತವೇನೂ ಬರುವುದಿಲ್ಲ ಎಂಬ ಧಾಟಿಯಲ್ಲಿ ಮಾತಾಡಿ, ಆಮೇಲೆ ವರ್ಷಗಟ್ಟಲೆ ಅದನ್ನೇ ಕೇಳಿಸಿಕೊಂಡರು. ಬೆಳಗಾಗುವಷ್ಟರಲ್ಲಿ ಸುಮಾರು ಒಂದೂವರೆ ಕೋಟಿ ಮರ ನೆಲಕ್ಕೆ. ಸೆವೆನ್‌ಓಕ್ಸ್ ಎಂಬ ಊರಿನಲ್ಲಿ ಹೆಸರಿಗೆ ತಕ್ಕಂತೆ ಇದ್ದ ಏಳು ಓಕ್ ಮರಗಳಲ್ಲಿ ಆರು ಹೋದವು. ಆ ದಿನವೂ ನಿಮ್ಮ ಮಗನ ಕಡತದೊಳಗೇ ಇದೆ. ಗುಂಪಿನಿಂದ ತೀರ ದೂರ ನಿಂತ ಸಂಖ್ಯೆಯನ್ನು ಪತ್ತೆ ಮಾಡಲು ಪಠ್ಯದಲ್ಲಿ ನಿಯಮಗಳಿವೆ. ಪತ್ತೆಯಾದ ಮೇಲೆ ಅಳಿಸಬೇಕೋ ಉಳಿಸಬೇಕೋ? ಬರೆಯುವಾಗ ಕೈತಪ್ಪಿದ್ದರೆ ಅಳಿಸಬಹುದು. ಒಂದೂವರೆ ಕೋಟಿ ಮರ ಕೆಡವಿದ ಗಾಳಿಯನ್ನು ಅಳಿಸಲಾದೀತೇ? ಆ ರಾತ್ರಿಯ ಸುದ್ದಿ ತಿಳಿಯದವನು ಇದನ್ನು ತೀರ್ಮಾನಿಸಲಾರ. ಅದನ್ನು ಭೂಗೋಳ ಎಂದು ನೀವು ಕರೆದರೆ ಕರೆಯಿರಿ.

ಈ ವಿದ್ಯೆಗೂ ಮಳೆಗೂ ನಂಟು ಹಳೆಯದು. ಕೇಂಬ್ರಿಜ್‌ನ ಗಣಿತಜ್ಞ ಗಿಲ್ಬರ್ಟ್ ವಾಕರ್ 1904ರಲ್ಲಿ ನಮ್ಮ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿ ಬಂದಾಗ ಹವಾಮಾನದ ಗಂಧ ಅವರಿಗೆ ಇರಲಿಲ್ಲ. ಮುಂಗಾರು ಕೈಕೊಡುವುದನ್ನು ಮೊದಲೇ ಅರಿಯಲು ದೇಶದೇಶಗಳ ಅಂಕಿಗಳನ್ನು ಒಂದಕ್ಕೊಂದು ತಾಳೆ ಹಾಕುತ್ತ ಕೂತರು. ಶಾಂತಸಾಗರದ ಮೇಲೂ ಹಿಂದೂ ಮಹಾಸಾಗರದ ಮೇಲೂ ವಾಯುಭಾರ ಒಂದು ಕಡೆ ಏರಿದರೆ ಇನ್ನೊಂದು ಕಡೆ ಇಳಿಯುವ ತೂಗಾಟ ಅವರ ಕಣ್ಣಿಗೆ ಬಿತ್ತು. ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಕಟ್ಟುವುದಕ್ಕೆ ಮುಂಚೆ ಕಲ್ಕತ್ತೆಯ ಅಲಿಪುರದಲ್ಲಿ ಹವಾಮಾನ ತಜ್ಞರಾಗಿದ್ದವರು. ಉತ್ತರ ಬಂಗಾಳದ 1870ರಿಂದ 1922ರವರೆಗಿನ ಮಳೆ ಮತ್ತು ನೆರೆಯ ದಾಖಲೆಗಳನ್ನು ಜಾಲಾಡಿ, ನೆರೆ ತಡೆಯಲೆಂದು ಯೋಚಿಸಿದ್ದ ಜಲಾಶಯಗಳು ಅಲ್ಲಿ ಉಪಯೋಗಕ್ಕೆ ಬಾರವು ಎಂದು ತೋರಿಸಿದರು. ಇವರಿಬ್ಬರಿಗೂ "ಇದು ನಿಮ್ಮ ವಿಷಯವಲ್ಲ" ಎಂದು ಯಾರಾದರೂ ಹೇಳಿದ್ದರೆ?

ನಮ್ಮ ಹತ್ತನೆಯ ತರಗತಿಯಲ್ಲಿ ಏನಾಗುತ್ತದೆ ಹೇಳಿ. ಸರಾಸರಿ, ಮಧ್ಯಾಂಕ, ಬಹುಲಕ. ಯಾವುದೋ ಶಾಲೆಯ ಮಕ್ಕಳ ಅಂಕ, ಯಾವುದೋ ಕಾರ್ಖಾನೆಯ ಕೂಲಿ; ವರ್ಗಾಂತರವೂ ಆವೃತ್ತಿಯೂ ಭಾಗಾಕಾರ ಸಲೀಸಾಗುವಂತೆ ಅಚ್ಚುಕಟ್ಟು. ಗಿರಣಿಯಲ್ಲಿ ಪಾಲಿಶ್ ಮಾಡಿದ ಅಕ್ಕಿಯ ಹಾಗೆ ಬೆಳ್ಳಗೆ, ಸತ್ವ ಮಾತ್ರ ಕೇಳಬೇಡಿ. ಅಳೆದವರು ಯಾರು, ಎಲ್ಲಿ, ಎಷ್ಟು ಹೊತ್ತಿಗೆ ಎಂಬ ಪ್ರಶ್ನೆ ಹುಟ್ಟುವುದೇ ಇಲ್ಲ. ಹವಾಮಾನ ಇಲಾಖೆ ಬೆಳಿಗ್ಗೆ 8.30ಕ್ಕೆ ಅಳೆದು ಹಿಂದಿನ 24 ಗಂಟೆಯ ಮಳೆ ಹೇಳುತ್ತದೆ. ನಿನ್ನೆ ಸಂಜೆ ನೀವು ನೆನೆದ ಮಳೆ ಇವತ್ತಿನ ತಾರೀಖಿನಲ್ಲಿ ಕೂತಿರುತ್ತದೆ. ಯಾವ ಪಠ್ಯದಲ್ಲಿ ಇದಿದೆ?

ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ತೋಟದಲ್ಲೇ ಮಳೆ ಮಾಪಕ, ಆಫೀಸಿನಲ್ಲಿ ಅದರ ಪುಸ್ತಕ, ಲೆಕ್ಕ ಇಂದಿಗೂ ಇಂಚು ಮತ್ತು ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು. ಫೆಬ್ರವರಿ-ಮಾರ್ಚಿನಲ್ಲಿ ಹೂಮಳೆ ಒಂದು ಇಂಚಿನಷ್ಟು ಬಿದ್ದರೆ ಹೂ ಅರಳುತ್ತದೆ. ಆಮೇಲೆ ಇನ್ನೊಂದು ಮಳೆ ಬಂದರೆ ಕಾಯಿ ನಿಲ್ಲುತ್ತದೆ. ವರ್ಷಕ್ಕೆ 90 ಇಂಚು ಸುರಿದೂ ಮಾರ್ಚಿನ ಆ ಒಂದು ಇಂಚು ತಪ್ಪಿದರೆ ಸರಾಸರಿ ಕಟ್ಟಿಕೊಂಡು ಏನು ಮಾಡುವುದು? "ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು" ಎಂದವರೂ ಒಟ್ಟು ಮೊತ್ತದ ಮಾತಾಡಲಿಲ್ಲ, ಹೊತ್ತಿನ ಮಾತಾಡಿದರು.

ಪತ್ರಿಕೆಯವರಾದ ನಾವೂ ಸಾಚಾಗಳೇನಲ್ಲ. "ಜಿಲ್ಲೆಯಲ್ಲಿ ವಾಡಿಕೆ ಮಳೆ" ಎಂದು ಅಚ್ಚು ಹಾಕುತ್ತೇವೆ. ದೀರ್ಘಾವಧಿ ಸರಾಸರಿಗಿಂತ ಶೇ. 19 ಕಡಿಮೆಯಾದರೂ ಇಲಾಖೆಯ ಲೆಕ್ಕದಲ್ಲಿ ಅದು ವಾಡಿಕೆಯೇ ಎಂದು ಬರೆಯುವುದಿಲ್ಲ. ಆಗುಂಬೆಯೂ ಶಿಕಾರಿಪುರವೂ ಒಂದೇ ಜಿಲ್ಲೆ. ಆಗುಂಬೆಯಲ್ಲಿ ಬೀಳುವ ಮಳೆಯ ಕಾಲು ಭಾಗವೂ ಶಿಕಾರಿಪುರದಲ್ಲಿ ಬೀಳದು. ಇವೆರಡರ ಸರಾಸರಿಯಲ್ಲಿ ಯಾವ ಊರು ನೆನೆಯುತ್ತದೆ? ಅಡಿಕೆ, ಕಾಳುಮೆಣಸಿಗೆ ಹವಾಮಾನ ಆಧಾರಿತ ಬೆಳೆವಿಮೆ ಬಂದ ಮೇಲಂತೂ ಮಳೆ ಮಾಪಕದ ಅಂಕಿಯೇ ದುಡ್ಡು. ಮಾಪಕ ಕೆಟ್ಟು ಕೂತ ದಿನವನ್ನು ಯಾರಾದರೂ ಸೊನ್ನೆ ಎಂದು ಬರೆದರೆ ಬೆಳೆಗಾರನ ಪರಿಹಾರದ ಲೆಕ್ಕವೇ ತಲೆಕೆಳಗು. ಅದನ್ನು ಪ್ರಶ್ನಿಸಲು ಬೇಕಾದ ಗಣಿತವನ್ನು ನಿಮ್ಮ ಮಗ ಹದಿನೇಳಕ್ಕೇ ಕಲಿಯುತ್ತಿದ್ದಾನೆ. ನೀವು ಬೇಜಾರು ಮಾಡಿಕೊಂಡಿದ್ದೀರಿ.

ನೋಟ್ಸ್ ಕಿತ್ತಿಡಿ. ಕಡತ ತೆರೆದು 1987ರ ಅಕ್ಟೋಬರ್ 16ರ ಸಾಲನ್ನು ಬ್ರಿಟನ್ನಿನ ಐದೂ ಊರುಗಳಲ್ಲಿ ಪಕ್ಕಪಕ್ಕ ಇಟ್ಟು ನೋಡಲು ಹೇಳಿ, ಜೊತೆಗೆ ನೀವೂ ಕೂರಿ. ಪರೀಕ್ಷೆಯಲ್ಲಿ ಟಿಆರ್ ಬಂದರೆ ಅದನ್ನು ಏನೆಂದು ಹಿಡಿದೆ ಎಂಬುದನ್ನು ಒಂದು ಸಾಲಿನಲ್ಲಿ ಬರೆದೇ ಮುಂದೆ ಹೋಗಲಿ.

ಮಲೆನಾಡಿನ ಓದುಗರಿಗೆ ಒಂದು ಕೋರಿಕೆ. ಮನೆಯಲ್ಲಿ ಹಳೆಯ ಮಳೆ ಪುಸ್ತಕವಿದ್ದರೆ ಯಾವುದಾದರೂ ಒಂದು ವರ್ಷದ ಪುಟಗಳ ನಕಲು ಕಳಿಸಿ, ಶಾಲೆಯ ಮೇಷ್ಟ್ರುಗಳಿಗೆ ತಲುಪಿಸುತ್ತೇವೆ. ಸೆಂಟಿನಲ್ಲಿದ್ದರೆ ಸೆಂಟಿನಲ್ಲೇ ಇರಲಿ. ಖಾಲಿ ಬಿಟ್ಟ ದಿನಗಳನ್ನು ದಯವಿಟ್ಟು ತುಂಬಿಸಲು ಹೋಗಬೇಡಿ.

— ಸಂ.