ಹಾಡು ಕೊಟ್ಟ ಮೇಲೆ ಹಕ್ಕು ಯಾರದು?

ಹಾಡು ಬರೆಯುವವರ ಪ್ರಶ್ನೆಗಳಿಗೆ ಉತ್ತರಿಸುವ ಈ ಅಂಕಣದಲ್ಲಿ ಪಲ್ಲವಿ, ಚರಣ ಎಂದರೇನೆಂದು ಈ ಸಲವೂ ಹಲವರು ಕೇಳಿದ್ದಾರೆ. ಅವರು ಮೊದಲು ತಮ್ಮೂರಿನ ಹಾರ್ಮೋನಿಯಂ ಮಾಸ್ತರರ ಬಳಿ ಕೂತು ಬರಲಿ.

ಪ್ರಶ್ನೆ: ಊರ ಜಾತ್ರೆಯ ನಾಟಕಕ್ಕೆ ನಾನು ಬರೆದ ಹಾಡನ್ನು ಸಿನಿಮಾದವರು ಕೇಳುತ್ತಿದ್ದಾರೆ. ಹತ್ತು ಸಾವಿರ ರೂಪಾಯಿ ಕೊಟ್ಟು, ಎಲ್ಲ ಹಕ್ಕುಗಳನ್ನೂ ಶಾಶ್ವತವಾಗಿ ಬಿಟ್ಟುಕೊಟ್ಟಿದ್ದೇನೆಂದು ಬಾಂಡ್ ಪೇಪರಿನಲ್ಲಿ ಸಹಿ ಹಾಕಿಸಿಕೊಳ್ಳುತ್ತಾರಂತೆ. ಹಾಕಲೇ? (ಸಿಂಧನೂರು)

ಉತ್ತರ: ಈಗಿರುವ ರೂಪದಲ್ಲಿ ಹಾಕಬೇಡಿ. 2012ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ ಪ್ರಕಾರ, ಚಿತ್ರಮಂದಿರದಲ್ಲಿ ಚಿತ್ರದೊಂದಿಗೆ ಹಾಡು ಕೇಳಿಸುವುದನ್ನು ಬಿಟ್ಟು, ರೇಡಿಯೊ, ಟೀವಿ, ಮೊಬೈಲ್ ಮುಂತಾದ ಬೇರೆ ಯಾವುದೇ ಬಳಕೆಯಿಂದ ಬರುವ ರಾಯಧನದಲ್ಲಿ (ರಾಯಲ್ಟಿಯಲ್ಲಿ) ಗೀತರಚನಕಾರರಿಗೆ ಸಮಪಾಲು ಉಂಟು. ಆ ಪಾಲನ್ನು ನೀವಾಗಿಯೇ ಬಿಟ್ಟುಕೊಡುತ್ತೇನೆಂದು ಬರೆದುಕೊಟ್ಟರೂ ಆ ಮಾತು ಊರ್ಜಿತವಾಗುವುದಿಲ್ಲ. ಹಾಗಿದ್ದ ಮೇಲೆ ಸಹಿ ಹಾಕಿದರೇನು ನಷ್ಟ ಎನ್ನಬೇಡಿ. ಅದು ಊರ್ಜಿತವಲ್ಲವೆಂದು ಕೋರ್ಟಿನಲ್ಲಿ ಹೇಳಿಸುವ ಖರ್ಚು ಮತ್ತು ಅಲೆದಾಟ ಹತ್ತು ಸಾವಿರ ಪಡೆದ ನಿಮ್ಮ ಪಾಲಿಗೇ ಬರುತ್ತದೆ.

ಒಪ್ಪಂದದಲ್ಲಿ ಹಾಡಿನ ಮೊದಲ ಸಾಲು, ಯಾವ ಚಿತ್ರಕ್ಕೆ ಕೊಟ್ಟಿದ್ದೀರಿ, ಎಷ್ಟು ವರ್ಷಕ್ಕೆ, ಯಾವ ಪ್ರದೇಶಕ್ಕೆ ಎಂಬುದೆಲ್ಲ ಸ್ಪಷ್ಟವಾಗಿರಲಿ. ಅವಧಿ ಬರೆಯದಿದ್ದರೆ ಕಾನೂನು ಅದನ್ನು 5 ವರ್ಷವೆಂದೂ, ಪ್ರದೇಶ ಬರೆಯದಿದ್ದರೆ ಭಾರತವೆಂದೂ ಎಣಿಸುತ್ತದೆ. 'ಶಾಶ್ವತವಾಗಿ', 'ಜಗತ್ತಿನಾದ್ಯಂತ' ಎಂಬ ಪದಗಳನ್ನು ಅವರು ಅಷ್ಟು ಮುತುವರ್ಜಿಯಿಂದ ಸೇರಿಸುವುದು ಇದಕ್ಕೇ. ಹೆಸರಿನ ವಿಷಯದಲ್ಲಂತೂ ಸಂಕೋಚ ಬೇಡ: ಬರೆದವನು ಬದುಕಿರುವಾಗಲೇ ಅವನ ಹಾಡಿಗೆ 'ಜಾನಪದ' ಎಂದು ಹಣೆಪಟ್ಟಿ ಹಚ್ಚುವುದು ನಮ್ಮ ಭಾಗದ ಹಾಡುಗಳಿಗೆ ಅಂಟಿದ ಪಿಡುಗು, ಆದ್ದರಿಂದ ಟೈಟಲ್ ಕಾರ್ಡಿನಲ್ಲೂ ಆಡಿಯೊದಲ್ಲೂ ನಿಮ್ಮ ಹೆಸರಿರಬೇಕೆಂದು ಬರೆಸಿಕೊಳ್ಳಿ.

ನೀವು ಹೇಳದೆ ಬಿಟ್ಟ ಸಂಗತಿಯೊಂದಿದೆ. ನಮ್ಮ ಹಳ್ಳಿಯ ನಾಟಕಗಳಲ್ಲಿ ಎಷ್ಟೋ ಹಾಡುಗಳನ್ನು ಹಳೆಯ ಸಿನಿಮಾ ಹಾಡಿನ ಧಾಟಿಗೇ ಬರೆಯುವ ರೂಢಿಯಿದೆ. ನಿಮ್ಮದೂ ಹಾಗಿದ್ದರೆ ಸಾಹಿತ್ಯವಷ್ಟೇ ನಿಮ್ಮದು, ಧಾಟಿ ನಿಮ್ಮದಲ್ಲ. ಇದನ್ನು ಮೊದಲೇ ತಿಳಿಸಿ ಹೊಸ ರಾಗಸಂಯೋಜನೆ ಮಾಡಿಸಿರೆಂದು ಕೇಳಿ.

ರಾಯಧನ ವಸೂಲಿಗೆ 1969ರಲ್ಲಿ ಸ್ಥಾಪನೆಯಾದ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿಯಿದೆ. ಅದರ ಸದಸ್ಯತ್ವಕ್ಕೆ ನೀವೇ ನೇರವಾಗಿ ಅರ್ಜಿ ಹಾಕಬಹುದು. ಕಮಿಷನ್ ಕೇಳುವ ದಲ್ಲಾಳಿಗಳನ್ನು ಹೊಸ್ತಿಲಾಚೆಯೇ ನಿಲ್ಲಿಸಿ.

ಪ್ರಶ್ನೆ: ಹಾಡನ್ನು ನನ್ನ ವಿಳಾಸಕ್ಕೇ ಅಂಚೆಯಲ್ಲಿ ಕಳಿಸಿಕೊಂಡು ಲಕೋಟೆ ಒಡೆಯದೆ ಇಟ್ಟರೆ ಹಕ್ಕು ಸಿಗುತ್ತದೆಯೇ? (ಗಂಗಾವತಿ)

ಉತ್ತರ: ಇಲ್ಲ. ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು, ನೋಂದಣಿಯೂ ಕಡ್ಡಾಯವಲ್ಲ, ನಿಮ್ಮ ನಂತರವೂ ಅದು 60 ವರ್ಷ ಉಳಿಯುತ್ತದೆ. ಈ ಲಕೋಟೆಯ ಉಪಾಯವನ್ನು ಹಬ್ಬಿಸುತ್ತಿರುವವರು ಯಾರೆಂದು ತಿಳಿಯುವ ಕುತೂಹಲ ನನಗೂ ಇದೆ.

ಪ್ರಶ್ನೆ: ಐವತ್ತು ಸಾವಿರ ಕೊಟ್ಟರೆ ಚಿತ್ರಕ್ಕೆ ಹಾಡು ಬರೆಯುವ ಅವಕಾಶ ಕೊಡುತ್ತಾರಂತೆ. (ಸಿರುಗುಪ್ಪ)

ಉತ್ತರ: ಹಾಡು ಬರೆದವರು ದುಡ್ಡು ಪಡೆಯಬೇಕು, ಕೊಡಬಾರದು.

ಪ್ರಶ್ನೆ: ನಾಟಕಕ್ಕೆ ಬರೆದ ಅನುಭವ ಸಿನಿಮಾದಲ್ಲಿ ನಡೆಯುತ್ತದೆಯೇ? (ಕೊಪ್ಪಳ)

ಉತ್ತರ: ಹುಣಸೂರು ಕೃಷ್ಣಮೂರ್ತಿ, ಜಿ.ವಿ. ಅಯ್ಯರ್ ಇಬ್ಬರೂ ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ಪಳಗಿ ಚಿತ್ರಗೀತೆಗೆ ಬಂದವರು. ಆದರೆ ಈಗ ಸಾಮಾನ್ಯವಾಗಿ ಟ್ಯೂನ್ ಮೊದಲು ಬರುತ್ತದೆ. ಕೊಟ್ಟ ಟ್ಯೂನಿಗೆ ಮಾತ್ರೆ ತಪ್ಪದೆ, ಹಾಡುವವರ ಉಸಿರು ಕಟ್ಟದಂತೆ, ಒಂದೇ ರಾತ್ರಿಯಲ್ಲಿ ಮೂರು ಪಲ್ಲವಿ ಬರೆದುಕೊಡಬಲ್ಲಿರಾದರೆ ಹೋಗಿ.