ಅಪ್ಪನ ಹೆಸರಿಗೂ ಇಲ್ಲಿ ರೇಟ್ ಕಾರ್ಡ್ ಇದೆ

ನೀವು ಮೆಲ್ಬರ್ನಿಗೆ ಬಂದು ನಾಲ್ಕು ತಿಂಗಳಾಯಿತು ಅಂದಿರಿ. ಆಫೀಸಿನಲ್ಲಿ ಊಟದ ಹೊತ್ತಿಗೆ ಎಲ್ಲರೂ ಫೂಟಿ (ಆಸ್ಟ್ರೇಲಿಯಾದವರದ್ದೇ ಆದ ಫುಟ್‌ಬಾಲ್), ಡ್ರಾಫ್ಟ್, 'ಫಾದರ್-ಸನ್' ಅಂತ ಮಾತಾಡುತ್ತಾರೆ, ತಲೆಬುಡ ಗೊತ್ತಾಗುವುದಿಲ್ಲ ಅಂದಿರಿ. ಗೂಗಲ್ ಮಾಡಿ ನೋಡಿದರೆ ಹಳೇ ಆಟಗಾರರ ಮಕ್ಕಳಿಗೆ ಅದೇ ಕ್ಲಬ್ಬಿನಲ್ಲಿ ಜಾಗ ಅಂತ ಬರೆದಿದೆ, ಮೆರಿಟ್ ಇರೋ ದೇಶ ಅಂತ ಬಂದರೆ ಇಲ್ಲೂ ಅಪ್ಪನ ಹೆಸರೇ ನಡೆಯುತ್ತಾ, ಒಂಬತ್ತು ವರ್ಷದ ಮಗ ಆ ಮೊಟ್ಟೆಯಾಕಾರದ ಚೆಂಡು ಬೇಕು ಅಂತ ಹಟ ಮಾಡ್ತಿದ್ದಾನೆ, ಅವನಿಗೆ ಇದರಲ್ಲಿ ಏನಿದೆ, ಅಂತ ಕೇಳಿದಿರಿ. ವೀಸಾ, ಬಾಡಿಗೆ ವಿಷಯಕ್ಕೆ ನೂರು ಜನ ಉತ್ತರ ಕೊಡುತ್ತಾರೆ. ಇದಕ್ಕೆ ನಾನು ಹೇಳುತ್ತೇನೆ.

ನಾನು ಸಾಗರದ ಕಡೆಯವನು, ಇಲ್ಲಿಗೆ ಬಂದದ್ದು 2007ರಲ್ಲಿ. ನಾನೂ ನಿಮ್ಮ ಹಾಗೇ ಅಂದುಕೊಂಡೆ. ಅಷ್ಟೇ ಅಲ್ಲ, ಬಾಯಿ ಬಿಟ್ಟು ಹೇಳಿಯೂ ಬಿಟ್ಟೆ. ಆ ವರ್ಷ ಗ್ರ್ಯಾಂಡ್ ಫೈನಲ್‌ನಲ್ಲಿ ಜೀಲಾಂಗ್ ತಂಡ ಪೋರ್ಟ್ ಅಡಿಲೇಡನ್ನು 119 ಪಾಯಿಂಟ್‌ನಿಂದ ಸೋಲಿಸಿತ್ತು, ಇವತ್ತಿಗೂ ಅದೇ ದಾಖಲೆ. ಆ ತಂಡದಲ್ಲಿ ಮ್ಯಾಥ್ಯೂ ಸ್ಕಾರ್ಲೆಟ್, ಗ್ಯಾರಿ ಏಬ್ಲೆಟ್ ಜೂನಿಯರ್, ಅವನ ತಮ್ಮ ನೇಥನ್, ಮೂವರೂ ಅಪ್ಪ ಆಡಿದ ಕ್ಲಬ್ಬಿಗೇ ಫಾದರ್-ಸನ್ ಆಗಿ ಬಂದವರು. ಸೋಮವಾರ ಆಫೀಸಿನಲ್ಲಿ ನಾನು ಬಹಳ ಬುದ್ಧಿವಂತನ ಹಾಗೆ 'ನಮ್ಮ ಊರಲ್ಲಿ ಇದಕ್ಕೆ ಇನ್‌ಫ್ಲುಯೆನ್ಸ್ ಅಂತಾರೆ' ಅಂದೆ. ಎದುರಿಗೆ ಕೂತಿದ್ದ ಜೀಲಾಂಗ್‌ನವನು ಸ್ಯಾಂಡ್‌ವಿಚ್ ಕೆಳಗಿಟ್ಟ. ಅರ್ಧ ಗಂಟೆ ಪಾಠ ಆಯಿತು. ಇಲ್ಲಿ ಬರೆಯುವುದರಲ್ಲಿ ಅರ್ಧ ಅವತ್ತು ಕೇಳಿದ್ದೇ.

ಮೊದಲು ಡ್ರಾಫ್ಟ್ ಅಂದರೇನು ನೋಡಿ. ಇದು ಐಪಿಎಲ್ ಹರಾಜಲ್ಲ, ಯಾರೂ ದುಡ್ಡು ಕೂಗುವುದಿಲ್ಲ. ಸೀಸನ್ ಮುಗಿದ ಮೇಲೆ 18 ಕ್ಲಬ್ಬುಗಳು ಸರದಿಯಲ್ಲಿ ಹದಿನೆಂಟರ ಆಸುಪಾಸಿನ ಹುಡುಗರನ್ನು ಆರಿಸಿಕೊಳ್ಳುತ್ತವೆ, ಪಟ್ಟಿಯಲ್ಲಿ ಕೊನೆಗೆ ಬಂದ ತಂಡಕ್ಕೆ ಮೊದಲ ಸರದಿ. ಹುಡುಗನಿಗೆ ಆಯ್ಕೆಯೇ ಇಲ್ಲ. ಮೆಲ್ಬರ್ನಿನಲ್ಲಿ ಹುಟ್ಟಿ ಬೆಳೆದವನನ್ನು ಪರ್ತ್ ಕರೆದರೆ ಗಂಟುಮೂಟೆ ಕಟ್ಟಬೇಕು. ಈ ಕಟ್ಟುನಿಟ್ಟಿನ ಪದ್ಧತಿಯಲ್ಲಿ ಒಂದು ಹಳೇ ಕಿಟಕಿ ತೆರೆದು ಇಟ್ಟಿದ್ದಾರೆ: ಅಪ್ಪ ಆ ಕ್ಲಬ್ಬಿಗೆ 100 ಪಂದ್ಯ ಆಡಿದ್ದರೆ ಮಗನನ್ನು ಕೇಳುವ ಮೊದಲ ಹಕ್ಕು ಆ ಕ್ಲಬ್ಬಿಗೆ. ಪಶ್ಚಿಮ ಮತ್ತು ದಕ್ಷಿಣ ಆಸ್ಟ್ರೇಲಿಯಾದ ಕ್ಲಬ್ಬುಗಳಿಗೆ ಲೆಕ್ಕ ಸ್ವಲ್ಪ ಬೇರೆ, ಅದು ಈಗ ಬೇಡ.

ಕಿಟಕಿ ತೆರೆದದ್ದು 1949ರಲ್ಲಿ, ಡ್ರಾಫ್ಟ್ ಬಂದದ್ದೇ 1986ರಲ್ಲಿ. ಅಂದರೆ ಮಗುವಿಗಿಂತ ಮೊದಲೇ ತೊಟ್ಟಿಲು. ಆಗೆಲ್ಲ ನೀವು ಯಾವ ಏರಿಯಾದಲ್ಲಿ ಇದ್ದೀರೋ ಆ ಏರಿಯಾದ ಕ್ಲಬ್ಬಿಗೇ ಆಡಬೇಕಿತ್ತು. ಮೆಲ್ಬರ್ನ್ ಕ್ಲಬ್ಬಿನ ರಾನ್ ಬರಾಸಿ ಅನ್ನುವವರು 1940ರಲ್ಲಿ ಕಪ್ ಗೆದ್ದು ಯುದ್ಧಕ್ಕೆ ಹೋದರು, ಮರುವರ್ಷ ಲಿಬಿಯಾದ ಟೊಬ್ರೂಕ್‌ನಲ್ಲಿ ಸತ್ತರು. ಮಗನಿಗೆ ಐದು ವರ್ಷ, ಅವನ ಹೆಸರೂ ರಾನ್. ಅವನು ಬೇರೆ ಕ್ಲಬ್ಬಿನ ಪಾಲಾಗಬಾರದು ಅಂತಲೇ ಮೆಲ್ಬರ್ನ್‌ನವರು ಓಡಾಡಿ ಈ ನಿಯಮ ಮಾಡಿಸಿದರು ಅಂತ ಇಲ್ಲಿನವರು ಕಥೆ ಹೇಳುತ್ತಾರೆ. ನಿಯಮವನ್ನು ಮೊದಲು ಬಳಸಿದ್ದು ಮಾತ್ರ ಕಾರ್ಲ್ಟನ್ ಕ್ಲಬ್, 1951ರಲ್ಲಿ, ಹಾರ್ವಿ ಡನ್ ಅನ್ನೋ ಹುಡುಗನಿಗೆ. ಹುಡುಗ ಬರಾಸಿ, ಅಪ್ಪನ ಜೊತೆ ಆಡಿದ್ದ ನಾರ್ಮ್ ಸ್ಮಿತ್ ಮನೆಯ ಹಿತ್ತಿಲಿನ ಪುಟ್ಟ ಮನೆಯಲ್ಲಿ ಇದ್ದುಕೊಂಡೇ ಬೆಳೆದ. ಆಮೇಲೆ ಅದೇ ಸ್ಮಿತ್ ಕೋಚ್, ಬರಾಸಿ ಆಟಗಾರ, ಮೆಲ್ಬರ್ನಿಗೆ ಆರು ಕಪ್. ತಮಾಷೆ ಏನು ಗೊತ್ತಾ? ಅಪ್ಪ ಬರಾಸಿ ಆಡಿದ್ದು 58 ಪಂದ್ಯ. ಇವತ್ತಿನ 100ರ ಲೆಕ್ಕದಲ್ಲಿ ಈ ಮಗ ಅರ್ಹನೇ ಅಲ್ಲ! ಇನ್ನೊಂದು ತಮಾಷೆ, ಇಷ್ಟೆಲ್ಲ ಮಾಡಿ ಉಳಿಸಿಕೊಂಡ ಹುಡುಗ 1964ರ ಕಪ್ ಗೆದ್ದ ಮೇಲೆ ಎದ್ದು ಕಾರ್ಲ್ಟನ್‌ಗೆ ಹೊರಟುಹೋದ. ಆಗ ಊರಿಗೆ ಊರೇ ಬೆಚ್ಚಿಬಿದ್ದಿತ್ತಂತೆ. ಎಂಸಿಜಿ ಹೊರಗೆ ಈ ಮಗ ಬರಾಸಿಯ ಪ್ರತಿಮೆ ಇದೆ, ನಿಮ್ಮ ಮಗನನ್ನು ಕರೆದುಕೊಂಡು ಹೋಗಿ ತೋರಿಸಿ.

ಈಗ ನಿಮ್ಮ ಮೆರಿಟ್ ಪ್ರಶ್ನೆ. ಒಪ್ಪುತ್ತೇನೆ, ಒಂದು ಕಾಲದಲ್ಲಿ ಇದು ಸುಮ್ನೆ ಸಿಗುವ ಲಾಟರಿಯೇ ಆಗಿತ್ತು. 2001ರಲ್ಲಿ ಜೀಲಾಂಗ್ ಗ್ಯಾರಿ ಏಬ್ಲೆಟ್ ಜೂನಿಯರನ್ನು ತೆಗೆದುಕೊಂಡದ್ದು 40ನೇ ಪಿಕ್‌ನಲ್ಲಿ, ಅಂದರೆ ಡ್ರಾಫ್ಟಿನ 40ನೇ ಸರದಿಯಲ್ಲಿ. ಸೀಸನ್ನಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ರೌನ್‌ಲೋ ಪದಕವನ್ನು ಎರಡು ಸಲ ಗೆದ್ದ ಮನುಷ್ಯ, 40ನೇ ಪಿಕ್! 2006ರಲ್ಲಿ ಟಾಮ್ ಹಾಕಿನ್ಸ್ 41ನೇ ಪಿಕ್‌ಗೆ ಬಂದ. ಅವನು ಮೊದಲ ಕೆಲವು ಪಿಕ್‌ಗಳಲ್ಲೇ ಹೋಗಬೇಕಾದ ಹುಡುಗ ಅಂತ ಎಲ್ಲರಿಗೂ ಗೊತ್ತಿತ್ತು. ಮೂರನೇ ಸುತ್ತಿನ ಪಿಕ್ ಕೊಟ್ಟರೆ ಸಾಕು ಅಂತ ಆಗಿನ ನಿಯಮ, ಬಂಗಾರವನ್ನು ಬೆಲ್ಲದ ಬೆಲೆಗೆ ತೂಗಿದ ಹಾಗೆ. ಉಳಿದ ಕ್ಲಬ್ಬಿನವರು ಹೊಟ್ಟೆ ಉರಿದುಕೊಂಡರು, ಅದರಲ್ಲಿ ತಪ್ಪೇನಿಲ್ಲ. ಮರುವರ್ಷವೇ ಬಿಡ್ ಪದ್ಧತಿ ಬಂತು, ಅಂದರೆ ಬೇರೆ ಕ್ಲಬ್ ತನ್ನ ಯಾವ ಪಿಕ್‌ಗೆ ಹುಡುಗನನ್ನು ಕೇಳುತ್ತದೋ ಅದಕ್ಕೆ ಸರಿಯಾದ ಬೆಲೆ ಅಪ್ಪನ ಕ್ಲಬ್ ಕೊಡಬೇಕು; 2015ರಲ್ಲಿ ಅದು ಪಾಯಿಂಟ್ ಲೆಕ್ಕ ಆಯಿತು.

ಪಾಯಿಂಟ್ ಲೆಕ್ಕ ಹೀಗೆ. ಪ್ರತಿ ಪಿಕ್‌ಗೂ ಒಂದು ಬೆಲೆ, ಮೊದಲನೆಯದಕ್ಕೆ 3000, ಹಾಗೇ ಇಳಿಯುತ್ತಾ ಹೋಗುತ್ತದೆ. 2021ರಲ್ಲಿ ಕಾಲಿಂಗ್‌ವುಡ್‌ನ ನಿಕ್ ಡೇಕೋಸ್ ಬಂದ. ಅಪ್ಪ ಪೀಟರ್ ಡೇಕೋಸ್, ಅದೇ ಕ್ಲಬ್ಬಿಗೆ 250 ಪಂದ್ಯ. 4ನೇ ಪಿಕ್ ಇದ್ದ ಗೋಲ್ಡ್ ಕೋಸ್ಟ್‌ನವರು 'ಈ ಹುಡುಗ ನಮಗೆ' ಅಂದರು. ನಾಲ್ಕನೇ ಪಿಕ್ ಬೆಲೆ 2034, ಅಪ್ಪನ ಕ್ಲಬ್ಬಿಗೆ ಆಗ ಇದ್ದ ಶೇ. 20 ರಿಯಾಯಿತಿ ಕಳೆದರೆ 1627 ಚಿಲ್ಲರೆ. ಕಾಲಿಂಗ್‌ವುಡ್ ಮೊದಲೇ ವ್ಯಾಪಾರ ಕುದುರಿಸಿ 38ರಿಂದ 44ರ ನಡುವಿನ ನಾಲ್ಕು ಪಿಕ್ ಗುಡ್ಡೆ ಹಾಕಿಕೊಂಡಿತ್ತು, ಅದನ್ನೆಲ್ಲ ಸುರಿದು ಹುಡುಗನನ್ನು ಕರೆದುಕೊಂಡು ಹೋಯಿತು. ಸಂತೆಯಲ್ಲಿ ಹತ್ತರ ನೋಟುಗಳನ್ನು ಎಣಿಸಿ ಎತ್ತು ಹೊಡೆದುಕೊಂಡು ಹೋಗುವುದಿಲ್ಲವಾ, ಹಾಗೆ. ಇದೂ ಅಗ್ಗವೇ ಆಯಿತು ಅಂತ ಜನ ಬೈದರು, ನಾನೂ ಬೈದೆ. 2025ರಲ್ಲಿ ಬೆಲೆಪಟ್ಟಿ ಬದಲಿಸಿ ರಿಯಾಯಿತಿಯನ್ನು ಶೇ. 10ಕ್ಕೆ ಇಳಿಸಿದರು.

ಆದರೆ ನಿಕ್‌ನ ಅಣ್ಣ ಜಾಶ್ ಡೇಕೋಸ್‌ನನ್ನೂ ನೋಡಿ. ಅದೇ ಅಪ್ಪ, ಅದೇ ಮನೆ, ಅದೇ ಹೆಸರು. 2016ರಲ್ಲಿ ಅವನು ಬಂದದ್ದು 57ನೇ ಪಿಕ್‌ಗೆ. ಅಂದರೆ ಬೆಲೆ ಕಟ್ಟುವವರು ಎದುರಾಳಿ ಕ್ಲಬ್ಬುಗಳು, ಅಪ್ಪನ ಸ್ನೇಹಿತರಲ್ಲ. ಆಟ ಬರದ ಮಗನನ್ನು ಯಾರೂ ಕೇಳುವುದಿಲ್ಲ, ಅಪ್ಪನ ಕ್ಲಬ್ಬೂ ತೆಗೆದುಕೊಳ್ಳಲೇಬೇಕು ಅಂತಿಲ್ಲ. ನಮ್ಮ ಸ್ಟುವರ್ಟ್ ಬಿನ್ನಿ ನೆನಪಿದೆಯಲ್ಲ? 2014ರಲ್ಲಿ ಬಾಂಗ್ಲಾದೇಶದ ಮೇಲೆ ನಾಲ್ಕು ರನ್‌ಗೆ ಆರು ವಿಕೆಟ್ ತೆಗೆದ, ಆದರೂ ಅಪ್ಪ ರೋಜರ್ ಬಿನ್ನಿ ಆಗ ಸೆಲೆಕ್ಟರ್ ಅನ್ನೋ ಕಾರಣಕ್ಕೆ ಜನ ಪಿಸುಗುಡುವುದು ಬಿಡಲಿಲ್ಲ. ಅಲ್ಲಿ ಬರೆದಿಟ್ಟ ನಿಯಮ ಇರಲಿಲ್ಲ, ಹಾಗಾಗಿ ಅನುಮಾನ. ಇಲ್ಲಿ ಅಪ್ಪನ ಹೆಸರಿಗೇ ರೇಟ್ ಕಾರ್ಡ್ ಅಂಟಿಸಿದ್ದಾರೆ. ಜಗಳ ಏನಿದ್ದರೂ ರೇಟಿನ ಮೇಲೆ, ಹುಡುಗನ ಮೇಲಲ್ಲ. ಈ ದೇಶದಲ್ಲಿ ನನಗೆ ಇಷ್ಟವಾದದ್ದು ಇದೇ, ಪಕ್ಷಪಾತ ಇಲ್ಲ ಅಂತಲ್ಲ, ಇದ್ದದ್ದನ್ನು ಗೋಡೆ ಮೇಲೆ ಬರೆದು ಹಾಕುತ್ತಾರೆ.

ಹುಡುಗ ಬೇಡ ಅನ್ನಲೂಬಹುದು. ಮಾರ್ಕ್ ಮರ್ಫಿಯ ಅಪ್ಪ ಆಡಿದ್ದು ಫಿಟ್ಜ್‌ರಾಯ್ ಕ್ಲಬ್ಬಿಗೆ. ಮೆಲ್ಬರ್ನಿನ ಆ ಕ್ಲಬ್ 1996ರ ಕೊನೆಯಲ್ಲಿ ಬ್ರಿಸ್ಬೇನ್ ಜೊತೆ ಸೇರಿಹೋಯಿತು. ನಮ್ಮ ಕಡೆ ಶರಾವತಿ ಹಿನ್ನೀರಿನಲ್ಲಿ ಊರು ಕಳೆದುಕೊಂಡವರು ಮುಳುಗಿದ ಊರಿನ ಹೆಸರನ್ನೇ ಇನ್ನೂ ಹೇಳುತ್ತಾರಲ್ಲ, ಹಾಗೆ ಫಿಟ್ಜ್‌ರಾಯ್ ಪಂದ್ಯಗಳು ಬ್ರಿಸ್ಬೇನ್ ಲೆಕ್ಕಕ್ಕೆ ಬಂದವು. ಆದರೆ ಮರ್ಫಿ ಅಪ್ಪ ನೆಟ್ಟ ಆಲದ ಮರ ಅಂತ ಜೋತು ಬೀಳಲಿಲ್ಲ. ಎಲ್ಲರ ಹಾಗೆ ಡ್ರಾಫ್ಟಿಗೆ ನಿಂತ, 2005ರಲ್ಲಿ ಕಾರ್ಲ್ಟನ್ ಅವನನ್ನು ಮೊದಲ ಪಿಕ್ ಮಾಡಿತು.

ಅನ್ಯಾಯ ಇಲ್ಲವೇ ಇಲ್ಲ ಅಂತ ಹೇಳುವುದಿಲ್ಲ. ಗೋಲ್ಡ್ ಕೋಸ್ಟ್ 2011ರಲ್ಲಿ, ಗ್ರೇಟರ್ ವೆಸ್ಟರ್ನ್ ಸಿಡ್ನಿ 2012ರಲ್ಲಿ ಶುರುವಾದ ಕ್ಲಬ್ಬುಗಳು. 100 ಪಂದ್ಯ ಆಡಿದ ಅಪ್ಪಂದಿರ ಮಕ್ಕಳು ಅಲ್ಲಿ ದೊಡ್ಡವರಾಗಲು ಇನ್ನೂ ಕಾಲ ಬೇಕು, 2028ಕ್ಕೆ ಬರಬೇಕಿರುವ ಟಾಸ್ಮೇನಿಯಾಕ್ಕಂತೂ ಕೇಳಲೇಬೇಡಿ. ಅತ್ತ ಬ್ರಿಸ್ಬೇನ್ ನೋಡಿ, ಮಾರ್ಕಸ್ ಆ್ಯಶ್‌ಕ್ರಾಫ್ಟ್ ಮಕ್ಕಳಾದ ವಿಲ್ (2022, 2ನೇ ಪಿಕ್) ಮತ್ತು ಲೆವೈ (2024, 5ನೇ ಪಿಕ್) ಇಬ್ಬರೂ ಮನೆಗೇ ಬಂದರು, 2024, 2025 ಎರಡೂ ಕಪ್ ಬ್ರಿಸ್ಬೇನ್‌ಗೇ. ವಿಲ್ ಅಂತೂ ಎರಡೂ ಫೈನಲ್‌ನಲ್ಲಿ ಅತ್ಯುತ್ತಮ ಆಟಗಾರ, ಆ ಪದಕಕ್ಕೆ ಹಿತ್ತಿಲಿನ ಮನೆ ಕೊಟ್ಟ ಅದೇ ನಾರ್ಮ್ ಸ್ಮಿತ್ ಹೆಸರು.

ಮಗಳಿದ್ದರೆ ಅದೂ ಇದೆ ಮಾರಾಯ್ರೆ. 2018ರಲ್ಲಿ ಕಾರ್ಲ್ಟನ್ ಮಹಿಳಾ ತಂಡ ಆ್ಯಂಡ್ರ್ಯೂ ಮೆಕೇ ಮಗಳು ಆ್ಯಬಿಯನ್ನು ತೆಗೆದುಕೊಂಡಿತು, ಮೊದಲ 'ಫಾದರ್-ಡಾಟರ್'.

ಇನ್ನು ನಿಮ್ಮ ಮಗ. ನೀವು 100 ಪಂದ್ಯ ಆಡಿಲ್ಲ, ನಾನೂ ಆಡಿಲ್ಲ. ಪರವಾಗಿಲ್ಲ. ಮೂಲನಿವಾಸಿ ಮಕ್ಕಳಿಗೆ ಮತ್ತು ಏಷ್ಯಾ, ಆಫ್ರಿಕಾ ಕಡೆಯಿಂದ ಬಂದ ಕುಟುಂಬದ ಮಕ್ಕಳಿಗೆ ಕ್ಲಬ್ಬುಗಳು 'ನೆಕ್ಸ್ಟ್ ಜನರೇಷನ್ ಅಕಾಡೆಮಿ' ನಡೆಸುತ್ತವೆ, ಅಲ್ಲಿ ಬೆಳೆದವನಿಗೂ ಹೀಗೇ ಬಿಡ್ ಹೊಂದಿಸಿ ಉಳಿಸಿಕೊಳ್ಳುತ್ತಾರೆ. 2020ರಲ್ಲಿ ವೆಸ್ಟರ್ನ್ ಬುಲ್‌ಡಾಗ್ಸ್ ಜಮಾರಾ ಯೂಗಲ್-ಹೇಗನ್‌ನನ್ನು ಹಾಗೇ ಮೊದಲ ಪಿಕ್ ಆಗಿ ಪಡೆಯಿತು. ಆಮೇಲೆ ಗಲಾಟೆಯಾಗಿ ಬಿಗಿ ಮಾಡಿದರು, ಈಚೆಗೆ ಮತ್ತೆ ಸಡಿಲಿಸಿದ್ದಾರೆ. ಇದನ್ನು ಓದಿ ನಾಳೆಯೇ ಕನಸು ಕಟ್ಟಬೇಡಿ, ದಯವಿಟ್ಟು. ನಮ್ಮವರಿಗೆ ಈ ಚಟ ಜಾಸ್ತಿ, ಮಗು ಚೆಂಡು ಮುಟ್ಟಿದ ಕೂಡಲೇ ಕೋಚಿಂಗ್ ಹುಡುಕುತ್ತೇವೆ. ಆದರೆ ಒಂದು ಗಮನಿಸಿ, ಇಲ್ಲಿ ದೊಡ್ಡಮನೆತನ ಅನ್ನಿಸಿಕೊಂಡ ಸಿಲ್ವಾನಿಯವರು ಇಟಲಿಯಿಂದ ಬಂದ ಸಂಸಾರ. ಸೆರ್ಜಿಯೊ, ಸ್ಟೀಫನ್, ಜಾಕ್, ಮೂರು ತಲೆಮಾರು ಕಾರ್ಲ್ಟನ್‌ಗೆ ಆಡಿದರು. ಡೇಕೋಸ್ ಹೆಸರೂ ಮ್ಯಾಸಿಡೋನಿಯಾ ಕಡೆಯಿಂದ ಬಂದದ್ದು.

ಸದ್ಯಕ್ಕೆ ಮಗನನ್ನು ಆಸ್ಕಿಕ್‌ಗೆ ಸೇರಿಸಿ, ಸಣ್ಣ ಮಕ್ಕಳಿಗೆ ಫೂಟಿ ಕಲಿಸಲು ಅಂತಲೇ ಇರುವುದು, ಹತ್ತಿರದ ಮೈದಾನದಲ್ಲೇ ಇರುತ್ತದೆ. ಯಾವ ಕ್ಲಬ್ಬಿಗೆ 'ಬ್ಯಾರಕ್' ಮಾಡಬೇಕು, ಅಂದರೆ ಯಾರ ಅಭಿಮಾನಿ ಆಗಬೇಕು ಅನ್ನೋದನ್ನು ಅವನೇ ಆರಿಸಲಿ. ನಾನು ಮೊದಲು ಫುಟ್‌ಸ್ಕ್ರೇಯಲ್ಲಿ ಇದ್ದವನು, ಬುಲ್‌ಡಾಗ್ಸ್. ಮಗನಿಗೂ ಅದೇ ಜೆರ್ಸಿ ತಂದುಕೊಟ್ಟೆ, ಅವನು ಶಾಲೆಯ ಗೆಳೆಯನನ್ನು ನೋಡಿ ಜೀಲಾಂಗ್ ಹಿಡಿದ. ಈಗ ಮ್ಯಾಚ್ ದಿನ ಮನೆಯಲ್ಲಿ ಎರಡು ಸೋಫಾ. ಬೆಳಿಗ್ಗೆ ಮೈದಾನದಲ್ಲಿ ಚಳಿ ಹಲ್ಲು ಕಡಿಸುತ್ತದೆ, ಹುಲ್ಲೆಲ್ಲ ಒದ್ದೆ. ಮಡಚುವ ಕುರ್ಚಿ, ಫ್ಲಾಸ್ಕ್‌ನಲ್ಲಿ ಕಾಫಿ, ಮಗನಿಗೆ ಇನ್ನೊಂದು ಜೊತೆ ಸಾಕ್ಸ್ ಒಯ್ಯಿರಿ. ಪಕ್ಕದಲ್ಲಿ ನಿಂತ ಅಪ್ಪ ಯಾರು ಅಂತ ಮೊದಲು ವಿಚಾರಿಸಿಕೊಂಡು ಆಮೇಲೆ ಫಾದರ್-ಸನ್ ಬಗ್ಗೆ ಮಾತು ತೆಗೆಯಿರಿ.